ಅಂಕಿಗಳಿಗೆ ಅಕ್ಷರದ ಉಡುಪು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗೆ, ಎಂಟು ಮುಖಗಳುಳ್ಳ ಒಂದು ಶಿಲಾಸ್ತಂಭವಿದೆ. ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ, ಎಂದರೆ ಕ್ರಿಸ್ತಶಕ 5ನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ಮಯೂರಶರ್ಮನ ವೃತ್ತಾಂತವನ್ನೂ ಕದಂಬ ವಂಶದ ಕೀರ್ತಿಯನ್ನೂ 34 ಸಂಸ್ಕೃತ ಪದ್ಯಗಳಲ್ಲಿ ರಚಿಸಿ ಈ ಕಂಬದ ಮೇಲೆ ಬರೆದನು. ಶಾಸನಗಳನ್ನು ಅಭ್ಯಸಿಸುವ ವಿದ್ವಾಂಸರು ಇದನ್ನು ‘ಶಿಕಾರಿಪುರ 176’ ಎಂದು ಚಿಕ್ಕದಾಗಿ ಗುರುತಿಸುತ್ತಾರೆ. ಬಿ. ಎಲ್. ರೈಸ್ ಅವರು ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ 7ನೆಯ ಸಂಪುಟದಲ್ಲಿ ಇದಕ್ಕೆ ದೊರೆತ ಕ್ರಮಸಂಖ್ಯೆ ಅದು. ಆ ಸಂಪುಟ 1902ರಲ್ಲಿ ಹೊರಬಂದಿತು. ನೆರೆಯ ಸೊರಬ ತಾಲ್ಲೂಕಿನ ಶಾಸನಗಳು 1904ರ 8ನೆಯ ಸಂಪುಟದಲ್ಲಿ ಸೇರಿದವು.

ಈ ಸಂಪುಟಗಳ ಒಂದು ವಿಶೇಷವನ್ನು ಗಮನಿಸಬೇಕು. ಶಾಸನಗಳ ಪಾಠವನ್ನು ಅಲ್ಲಿ ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಮತ್ತೊಮ್ಮೆ ಅಚ್ಚುಮಾಡಲಾಗಿದೆ. ಕುಬ್ಜನು ಬರೆದದ್ದಾದರೋ ಇವೆರಡೂ ಅಲ್ಲದ, ಕದಂಬರ ಕಾಲದ ಹಳೆಯ ಲಿಪಿಯಲ್ಲಿ. ಹೀಗೆ ಒಂದೇ ಒಕ್ಕಣೆ ಮೂರು ಲಿಪಿಗಳ ಉಡುಪನ್ನು ಧರಿಸಿತು. ಆದರೂ ಪದ್ಯದ ಒಂದಕ್ಷರವೂ ಬದಲಾಗಲಿಲ್ಲ. ದೂರದೇಶದ ವಿದ್ವಾಂಸರಿಗೆ ಕನ್ನಡ ಲಿಪಿ ತಿಳಿಯದು. ಅಲ್ಲಿನ ಅಚ್ಚುಕೂಟಗಳಲ್ಲಿ ಕನ್ನಡದ ಮೊಳೆಗಳೂ ಇರಲಿಲ್ಲ. ಆದಕಾರಣ ಶಾಸನವು ಅವರಲ್ಲಿಗೆ ಹೋಗಬೇಕಾದರೆ ಅಲ್ಲಿ ಸಲ್ಲುವ ಅಕ್ಷರಗಳ ವೇಷವನ್ನು ತೊಟ್ಟೇ ಹೋಗಬೇಕಾಯಿತು.

ವೇಷ ತೊಡಿಸುವವನು ಎಚ್ಚರ ತಪ್ಪಿದರೆ ಒಳಗಿನ ವ್ಯಕ್ತಿಯೇ ಬದಲಾಗುವ ಅಪಾಯವುಂಟು. ತಂತಿ ಸಮಾಚಾರದ ಕಾಲವನ್ನು ನೆನೆಯಬಹುದು. ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಿನಲ್ಲಿ ಕೊನೆಗೊಂಡ ಆ ವ್ಯವಸ್ಥೆಯಲ್ಲಿ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಿದರೆ ‘ಕಾಲು’ ಎಂಬುದಕ್ಕೂ ‘ಕಾಳು’ ಎಂಬುದಕ್ಕೂ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಕಾಳು ಕಳುಹಿಸಿರೆಂದು ಬರೆದವನ ಸಮಾಚಾರವನ್ನು ಓದಿದವನು ಕಾಲಿಗೆ ಏನೋ ಆಯಿತೆಂದು ಗಾಬರಿಪಡಬಹುದು. ಶಾಸನಗಳ ಸಂಪಾದಕರು ಈ ತೊಡಕನ್ನು ಅರಿತು, ರೋಮನ್ ಅಕ್ಷರಗಳ ಅಡಿಯಲ್ಲಿ ಚುಕ್ಕೆಯನ್ನೂ ತಲೆಯ ಮೇಲೆ ಗುರುತನ್ನೂ ಇಟ್ಟು ಲಕಾರ-ಳಕಾರಗಳನ್ನು, ಹ್ರಸ್ವ-ದೀರ್ಘಗಳನ್ನು ಬೇರ್ಪಡಿಸಿದರು. 1998ರಲ್ಲಿ ಬಂದ ‘ಬರಹ’ ಎಂಬ ತಂತ್ರಾಂಶದಲ್ಲಿ ಇದೇ ಕೆಲಸವನ್ನು ದೊಡ್ಡಕ್ಷರ-ಸಣ್ಣಕ್ಷರಗಳಿಂದ ಸಾಧಿಸಲಾಯಿತು. ಅಲ್ಲಿ ಸಣ್ಣ ‘ಎಲ್’ ಒತ್ತಿದರೆ ಲಕಾರ, ದೊಡ್ಡ ‘ಎಲ್’ ಒತ್ತಿದರೆ ಳಕಾರ. ಬೇರೆ ವೇಷದಲ್ಲಿ ಹೋದದ್ದು ಮೊದಲಿನ ರೂಪಕ್ಕೆ ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ ಮರಳಬೇಕು. ಗಣಕಯಂತ್ರಗಳ ಲೋಕದಲ್ಲಿ ಅಂಕಿಗಳ ರಾಶಿಯನ್ನು ಅಕ್ಷರಗಳಾಗಿ ಮಾರ್ಪಡಿಸಿ ಕಳುಹಿಸುವ ವಿಧಾನವು ನಿಂತಿರುವುದು ಈ ನಿಯಮದ ಮೇಲೆಯೇ.

ಅಂಕಿಗಳನ್ನು ಅಕ್ಷರವಾಗಿಸುವ ಯೋಚನೆ ನಮ್ಮ ನಾಡಿಗೆ ಹೊಸದಲ್ಲ. ಕಟಪಯಾದಿ ಎಂಬ ಪದ್ಧತಿಯಲ್ಲಿ ವ್ಯಂಜನಗಳಿಗೆ ಅಂಕಿಗಳ ಬೆಲೆಯುಂಟು. ಕಕಾರದಿಂದ ಎಣಿಸಿದರೆ ಚಕಾರ 6, ಪಕಾರದಿಂದ ಎಣಿಸಿದರೆ ಮಕಾರ 5, ಯಕಾರ 1. ಸಂಗೀತಾಭ್ಯಾಸಿಗಳು ಮೊದಲ ಪಾಠಗಳನ್ನು ಹಾಡುವ ಮಾಯಾಮಾಳವಗೌಳ ರಾಗದ ಮೊದಲೆರಡು ಅಕ್ಷರಗಳು ‘ಮಾ’ ಮತ್ತು ‘ಯಾ’. ಅವುಗಳ ಬೆಲೆ 5 ಮತ್ತು 1. ತಿರುಗಿಸಿ ಓದಿದರೆ 15. ಎಪ್ಪತ್ತೆರಡು ಮೇಳಕರ್ತ ರಾಗಗಳಲ್ಲಿ ಅದು 15ನೆಯದು. ಮೇಚಕಲ್ಯಾಣಿಯು ಇದೇ ಲೆಕ್ಕದಲ್ಲಿ 65ನೆಯದು. ಬರಿಯ ಸಂಖ್ಯೆ ಬಾಯಲ್ಲಿ ನಿಲ್ಲದು, ಹೆಸರು ನಿಲ್ಲುತ್ತದೆ. ಕುಮುದೇಂದು ಮುನಿಯ ಹೆಸರಿನಲ್ಲಿರುವ ‘ಸಿರಿಭೂವಲಯ’ದಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಪ್ರಯೋಗವನ್ನು ಕಾಣಬಹುದು. ಉದ್ದಕ್ಕೆ 27, ಅಡ್ಡಕ್ಕೆ 27 ಮನೆಗಳುಳ್ಳ ಚೌಕಗಳಲ್ಲಿ ಅಕ್ಷರಗಳಿಗೆ ಬದಲು 1ರಿಂದ 64ರ ವರೆಗಿನ ಸಂಖ್ಯೆಗಳನ್ನು ತುಂಬಿದ ಕನ್ನಡ ಗ್ರಂಥವದು. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ 64 ಎಂಬ ಸಂಖ್ಯೆಯನ್ನು ಮಾತ್ರ ಇಲ್ಲಿ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದು ಬೇರೊಂದು ಕಾರಣಕ್ಕಾಗಿ ಮತ್ತೆ ಬರುತ್ತದೆ.

ಗಣಕಯಂತ್ರಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳು. ಅಂತಹ ಒಂದು ಅಂಕಿಯನ್ನು ಬಿಟ್ ಎನ್ನುತ್ತಾರೆ. ಎಂಟು ಬಿಟ್‌ಗಳ ಗುಂಪಿಗೆ ಬೈಟ್ ಎಂದು ಹೆಸರು. ಒಂದು ಬೈಟ್ 0ಯಿಂದ 255ರ ವರೆಗಿನ 256 ಬೆಲೆಗಳಲ್ಲಿ ಯಾವುದಾದರೊಂದನ್ನು ತಾಳಬಲ್ಲದು. ಕಥೆಯಾಗಲಿ, ಹಾಡಾಗಲಿ, ತಾಳಗುಂದದ ಕಂಬದ ಛಾಯಾಚಿತ್ರವಾಗಲಿ, ಯಂತ್ರದೊಳಗೆ ಎಲ್ಲವೂ ಬೈಟ್‌ಗಳ ಸಾಲೇ. ಹಾಗಿದ್ದ ಮೇಲೆ ಆ ಸಾಲನ್ನು ಇದ್ದಂತೆಯೇ ಕಳುಹಿಸಿದರಾಗದೆ, ಅಕ್ಷರಗಳಾಗಿ ಮಾರ್ಪಡಿಸುವ ಶ್ರಮವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಉತ್ತರವಿರುವುದು ದಾರಿಯಲ್ಲಿ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಏಳು ಬಿಟ್‌ಗಳು ಮಾತ್ರ ಬಳಕೆಯಾದವು. ಏಳು ಬಿಟ್‌ಗಳಿಂದ 128 ಬೆಲೆಗಳು ದೊರೆಯುತ್ತವೆ. ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳು, ಅಂಕಿಗಳು, ವಿರಾಮ ಚಿಹ್ನೆಗಳು ಇವಿಷ್ಟಕ್ಕೂ ಅದು ಸಾಕು. ಆ 128ರಲ್ಲಿಯೂ ಮೊದಲ 32 ಬೆಲೆಗಳು ಅಕ್ಷರಗಳಲ್ಲ. ‘ಹೊಸ ಸಾಲಿಗೆ ಹೋಗು’, ‘ಗಂಟೆ ಬಾರಿಸು’ ಎಂಬಂತಹ ಅಪ್ಪಣೆಗಳು. 1982ರಲ್ಲಿ ಗಣಕಯಂತ್ರಗಳ ನಡುವಣ ಅಂಚೆಗೆ ನಿಯಮಗಳನ್ನು ಬರೆದಾಗಲೂ ಈ ಏಳು ಬಿಟ್‌ಗಳ ಕಟ್ಟಳೆಯೇ ಮುಂದುವರಿಯಿತು. ಎಂಟನೆಯ ಬಿಟ್ ಇರುವ ಬೈಟ್ ಬಂದರೆ ದಾರಿಯ ನಡುವಣ ಕೆಲವು ಯಂತ್ರಗಳು ಅದನ್ನು ಸದ್ದಿಲ್ಲದೆ ಕಿತ್ತುಹಾಕುತ್ತಿದ್ದವು. ಇಂಗ್ಲಿಷಿನ ಪತ್ರಕ್ಕೆ ಇದರಿಂದ ಏನೂ ನಷ್ಟವಿಲ್ಲ. ಅದು ಎಂಟನೆಯ ಬಿಟ್ಟನ್ನು ಬಳಸುವುದೇ ಇಲ್ಲ. ಉಳಿದ ಭಾಷೆಗಳ ಗತಿ?

‘ಸೊರಬ’ ಎಂಬ ಹೆಸರನ್ನೇ ಪರೀಕ್ಷೆಗೆ ಒಡ್ಡಿ ನೋಡೋಣ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ, 1991ರ ಮೊದಲ ಆವೃತ್ತಿಯಿಂದಲೇ, ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯಿದೆ. ಅಲ್ಲಿ ‘ಸೊ’ ಎಂಬುದು ಸಕಾರ ಮತ್ತು ಒಕಾರದ ಗುರುತು ಎಂದು ಎರಡಾಗಿ ನಿಲ್ಲುತ್ತದೆ. ಹೀಗಾಗಿ ಕಣ್ಣಿಗೆ ಮೂರಕ್ಷರವಾದ ‘ಸೊರಬ’ ಯಂತ್ರಕ್ಕೆ ನಾಲ್ಕು ಘಟಕಗಳು: ಸ, ಒಕಾರದ ಗುರುತು, ರ, ಬ. ಇಂದು ಬಹುವಾಗಿ ಬಳಕೆಯಲ್ಲಿರುವ ಬರಹ ಕ್ರಮದಲ್ಲಿ ಒಂದೊಂದು ಕನ್ನಡ ಘಟಕಕ್ಕೂ ಮೂರು ಮೂರು ಬೈಟ್‌ಗಳು. ಸಕಾರಕ್ಕೆ 224, 178, 184. ಒಕಾರದ ಗುರುತಿಗೆ 224, 179, 138. ರಕಾರಕ್ಕೆ 224, 178, 176. ಬಕಾರಕ್ಕೆ 224, 178, 172. ಈ ಹನ್ನೆರಡು ಸಂಖ್ಯೆಗಳೂ 127ಕ್ಕಿಂತ ಹೆಚ್ಚಿನವು. ಎಂದರೆ ಪ್ರತಿಯೊಂದರಲ್ಲಿಯೂ ಎಂಟನೆಯ ಬಿಟ್ ಇದ್ದೇ ಇದೆ.

ಆ ಬಿಟ್ಟನ್ನು ಕಿತ್ತರೆ ಪ್ರತಿ ಸಂಖ್ಯೆಯಿಂದ 128 ಕಳೆದಂತಾಗುತ್ತದೆ. 224 ಹೋಗಿ 96 ಆಗುತ್ತದೆ. ಅದು ಆಸ್ಕಿಯಲ್ಲಿ ಎಡಕ್ಕೆ ಬಾಗಿದ ಒಂದು ಸಣ್ಣ ಗೀಟು. 178 ಹೋಗಿ 50 ಆಗುತ್ತದೆ. ಅದು ‘2’ ಎಂಬ ಅಂಕಿಯ ಸಂಕೇತ. 184 ಹೋಗಿ 56, ಅದು ‘8’. ಸಕಾರದ ಗತಿ ಹೀಗೆ ಒಂದು ಗೀಟು ಮತ್ತು 28 ಎಂದಾಯಿತು. ಒಕಾರದ ಗುರುತಿನ ಪಾಡು ಇನ್ನೂ ಕೆಟ್ಟದು. ಅದರ ಕೊನೆಯ ಬೈಟಾದ 138ರಿಂದ 128 ಕಳೆದರೆ ಉಳಿಯುವುದು 10. ಆಸ್ಕಿಯಲ್ಲಿ 10 ಎಂದರೆ ಅಕ್ಷರವಲ್ಲ, ‘ಹೊಸ ಸಾಲಿಗೆ ಹೋಗು’ ಎಂಬ ಅಪ್ಪಣೆ! ಸೊರಬವು ನಡುವೆ ಮುರಿದು ಎರಡು ಸಾಲಾಗುತ್ತದೆ. ಮೇಲಿನ ಸಾಲಿನಲ್ಲಿ ಗೀಟು, 28, ಗೀಟು, 3. ಕೆಳಗಿನ ಸಾಲಿನಲ್ಲಿ ಗೀಟು, 20, ಗೀಟು, 2, ಕೊನೆಗೊಂದು ಅಲ್ಪವಿರಾಮ. ಇದನ್ನು ಪಡೆದವರು ಇದರಲ್ಲಿ ಒಂದು ಊರಿನ ಹೆಸರಿದೆಯೆಂದು ಕನಸಿನಲ್ಲಿಯೂ ಎಣಿಸಲಾರರು. ಛಾಯಾಚಿತ್ರವಾಗಿದ್ದರೆ ಅದು ತೆರೆಯುವುದೂ ಇಲ್ಲ.

ಸೊರಬ-ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಕೊರೆಯುವ ಕುಸುರಿ ಕೆಲಸ ಹೆಸರಾದದ್ದು. ಅಂತಹ ಒಂದು ಕೃತಿಯನ್ನು ದೂರದೂರಿಗೆ ಕಳುಹಿಸುವಾಗ ಯಾರೂ ಬರಿದಾಗಿ ಬಂಡಿಯಲ್ಲಿ ಹಾಕುವುದಿಲ್ಲ. ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ, ನಡುವೆ ಅದನ್ನಿರಿಸಿ, ಮುಚ್ಚಳ ಬಡಿದು ಕಳುಹಿಸುತ್ತಾರೆ. ತೂಕ ಹೆಚ್ಚುತ್ತದೆ, ನಿಜ. ಆದರೆ ಕೃತಿ ಮುಕ್ಕಾಗುವುದಿಲ್ಲ. ಬೈಟ್‌ಗಳಿಗೂ ಅಂತಹ ಪೆಟ್ಟಿಗೆ ಬೇಕಾಯಿತು. ಯಾವ ದಾರಿಯಲ್ಲಿಯೂ ಯಾವ ಯಂತ್ರವೂ ಮುಟ್ಟದೆ ಬಿಡುವ ಅಕ್ಷರಗಳನ್ನಷ್ಟೇ ಆರಿಸಿ, ಅವುಗಳಿಂದಲೇ ಎಲ್ಲವನ್ನೂ ಬರೆಯುವುದು ಇದರ ಉಪಾಯ.

ಮೊದಲಿಗೆ ಹೊಳೆಯುವ ದಾರಿ ಸುಲಭವಾದದ್ದು. ಪ್ರತಿ ಬೈಟಿನ ಎಂಟು ಬಿಟ್‌ಗಳನ್ನು ನಾಲ್ಕು ನಾಲ್ಕಾಗಿ ಸೀಳಿ, ಒಂದೊಂದಕ್ಕೆ ಹದಿನಾರು ಚಿಹ್ನೆಗಳಲ್ಲಿ ಒಂದನ್ನು ಕೊಟ್ಟರಾಯಿತು. ಲೆಕ್ಕ ಸರಳ, ಆದರೆ ಸರಕು ಎರಡರಷ್ಟಾಗುತ್ತದೆ. ಈ ಬಗೆಯ ಬರಹ ಇಂದಿಗೂ ಅಂತರಜಾಲದ ವಿಳಾಸಗಳಲ್ಲಿ ಉಳಿದಿದೆ. ಕನ್ನಡ ವಿಕಿಪೀಡಿಯದ ‘ಸೊರಬ’ ಪುಟದ ವಿಳಾಸವನ್ನು ನಕಲು ಮಾಡಿ ಸಂದೇಶದಲ್ಲಿ ಅಂಟಿಸಿದಾಗ ಊರಿನ ಹೆಸರಿನ ಜಾಗದಲ್ಲಿ ಶೇಕಡಾ ಚಿಹ್ನೆಗಳೂ ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಸಾಲುಗಟ್ಟಿ ನಿಲ್ಲುವುದನ್ನು ಅನೇಕರು ಕಂಡಿರುತ್ತಾರೆ. ಅಲ್ಲಿ ಒಂದೊಂದು ಬೈಟಿಗೆ ಒಂದು ಶೇಕಡಾ ಚಿಹ್ನೆ, ಎರಡು ಅಂಕಗಳು. ಹನ್ನೆರಡು ಬೈಟ್‌ಗಳಿಗೆ ಮೂವತ್ತಾರು ಚಿಹ್ನೆಗಳು. ಏನೋ ಕೆಟ್ಟುಹೋಯಿತೆಂದು ಭಾವಿಸಿ ಅಂತಹ ಸಂದೇಶವನ್ನು ಅಳಿಸಿಹಾಕುವವರುಂಟು. ಕೆಟ್ಟದ್ದು ಏನೂ ಇಲ್ಲ. ಅದನ್ನು ಒತ್ತಿದರೆ ಸರಿಯಾದ ಪುಟವೇ ತೆರೆಯುತ್ತದೆ.

ಇದಕ್ಕಿಂತ ಮಿತವ್ಯಯದ ದಾರಿಯೊಂದಿದೆ. ಮೂರು ಬೈಟ್‌ಗಳಲ್ಲಿ ಇಪ್ಪತ್ತನಾಲ್ಕು ಬಿಟ್‌ಗಳಿರುತ್ತವೆ. ಅವನ್ನು ಎಂಟರಂತೆ ಮೂರಾಗಿ ನೋಡುವ ಬದಲು ಆರರಂತೆ ನಾಲ್ಕಾಗಿ ನೋಡಬಹುದು. ಆರು ಬಿಟ್‌ಗಳಿಂದ ದೊರೆಯುವ ಬೆಲೆಗಳು 64. ಇದೇ ಆ ಸಂಖ್ಯೆ. ಅರವತ್ತನಾಲ್ಕು ಸುರಕ್ಷಿತ ಚಿಹ್ನೆಗಳು ಸಿಕ್ಕರೆ ಸಾಕು. ಇಂಗ್ಲಿಷಿನ ದೊಡ್ಡಕ್ಷರಗಳು 26, ಸಣ್ಣಕ್ಷರಗಳು 26, ಅಂಕಿಗಳು 10, ಒಟ್ಟು 62. ಕೂಡಿಸುವ ಚಿಹ್ನೆ, ಓರೆಗೆರೆ ಎಂಬ ಎರಡನ್ನು ಸೇರಿಸಿದರೆ ಲೆಕ್ಕ ತುಂಬಿತು. ದೊಡ್ಡ ‘ಎ’ಗೆ 0 ಎಂದು ಆರಂಭಿಸಿ ದೊಡ್ಡ ‘ಝಡ್’ಗೆ 25, ಸಣ್ಣ ‘ಎ’ಗೆ 26, ಸಣ್ಣ ‘ಝಡ್’ಗೆ 51, ‘0’ ಎಂಬ ಅಂಕಿಗೆ 52, ‘9’ಕ್ಕೆ 61, ಕೂಡಿಸುವ ಚಿಹ್ನೆಗೆ 62, ಓರೆಗೆರೆಗೆ 63 ಎಂದು ಸ್ಥಾನಗಳನ್ನು ಕೊಡಲಾಗಿದೆ. ಈ ಪದ್ಧತಿಗೆ ‘ಬೇಸ್ 64’ ಎಂದು ಹೆಸರು.

ಸೊರಬದ ಸಕಾರವನ್ನು ಈ ಪದ್ಧತಿಯಲ್ಲಿ ಬರೆದು ನೋಡಬಹುದು. 224, 178, 184 ಇವುಗಳ ದ್ವಿಮಾನ ರೂಪ 11100000, 10110010, 10111000. ಒಂದಾದ ಮೇಲೊಂದರಂತೆ ಜೋಡಿಸಿ ಆರಾರಾಗಿ ಕತ್ತರಿಸಿದರೆ 111000, 001011, 001010, 111000 ಎಂದಾಗುತ್ತದೆ. ಇವುಗಳ ಬೆಲೆ 56, 11, 10, 56. ಪಟ್ಟಿಯಲ್ಲಿ 56ನೆಯ ಸ್ಥಾನದಲ್ಲಿರುವುದು ‘4’ ಎಂಬ ಅಂಕಿ. 11ರಲ್ಲಿ ದೊಡ್ಡ ‘ಎಲ್’. 10ರಲ್ಲಿ ದೊಡ್ಡ ‘ಕೆ’. ಆದುದರಿಂದ ಸಕಾರದ ಪ್ರವಾಸದ ಉಡುಪು ‘4, ಎಲ್, ಕೆ, 4’. ವಿದ್ಯಾರ್ಥಿಗಳು ಕಾಗದ-ಸೀಸಕಡ್ಡಿ ಹಿಡಿದು ಉಳಿದ ಮೂರು ಘಟಕಗಳನ್ನೂ ಹೀಗೆ ಮಾಡಿದರೆ ‘4, ಎಲ್, ಓ, ಕೆ’, ‘4, ಎಲ್, ಕೆ, ಸಣ್ಣ ಡಬ್ಲ್ಯು’, ‘4, ಎಲ್, ಕೆ, ಸಣ್ಣ ಎಸ್’ ಎಂಬ ಉತ್ತರಗಳು ಬರುತ್ತವೆ. ಹನ್ನೆರಡು ಬೈಟ್‌ಗಳು ಹದಿನಾರು ಅಕ್ಷರಗಳಾದವು. ಮೊದಲಿನ ಮೂವತ್ತಾರಕ್ಕೆ ಹೋಲಿಸಿದರೆ ಇದು ಹಗುರ.

ಹುಲ್ಲಿನ ತೂಕ ಇಲ್ಲಿಯೂ ತಪ್ಪಿದ್ದಲ್ಲ. ಮೂರಕ್ಕೆ ನಾಲ್ಕರಂತೆ ಸರಕು ಮೂರನೆಯ ಒಂದು ಪಾಲು ಬೆಳೆಯುತ್ತದೆ. ಒಂದು ಅಂಚೆಯ ಮಿತಿ 24 ಮೆಗಾಬೈಟ್ ಎಂದಿದ್ದರೆ ಅದರಲ್ಲಿ ಹಿಡಿಯುವ ಛಾಯಾಚಿತ್ರಗಳು 18 ಮೆಗಾಬೈಟಿಗಿಂತ ಹೆಚ್ಚಿರಲಾರವು. ಎಂಬತ್ತೈದು ಚಿಹ್ನೆಗಳನ್ನು ಬಳಸಿ ನಾಲ್ಕು ಬೈಟ್‌ಗಳನ್ನು ಐದು ಅಕ್ಷರಗಳಲ್ಲಿ ಹಿಡಿಸುವ ಪದ್ಧತಿಯೂ ಉಂಟು. ತೂಕ ಕಡಿಮೆ, ಆದರೆ ಅದಕ್ಕೆ ಬೇಕಾದ ವಿರಾಮ ಚಿಹ್ನೆಗಳೆಲ್ಲ ಎಲ್ಲ ದಾರಿಗಳಲ್ಲಿಯೂ ಸುರಕ್ಷಿತವಲ್ಲ. ದೊಡ್ಡಕ್ಷರ-ಸಣ್ಣಕ್ಷರಗಳ ಭೇದವೇ ಉಳಿಯದ ದಾರಿಯಾದರೆ ಮೂವತ್ತೆರಡು ಚಿಹ್ನೆಗಳಿಗೆ ಇಳಿಯಬೇಕಾಗುತ್ತದೆ. ಪೆಟ್ಟಿಗೆಯ ಅಳತೆಯನ್ನು ನಿರ್ಧರಿಸುವುದು ದಾರಿಯೇ.

ಇವೆಲ್ಲ ಒಂದೇ ದಿನದಲ್ಲಿ ಆದುದಲ್ಲ. 1980ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೇರಿ ಆನ್ ಹಾರ್ಟನ್ ಅವರು ಆರಾರು ಬಿಟ್‌ಗಳಾಗಿ ಕತ್ತರಿಸುವ ಒಂದು ವಿಧಾನವನ್ನು ಬಳಕೆಗೆ ತಂದರು. ಅದರಲ್ಲಿ ವಿರಾಮ ಚಿಹ್ನೆಗಳೂ ಸೇರಿದ್ದುದರಿಂದ ಬೇರೆ ಅಕ್ಷರ ಪದ್ಧತಿಯ ಯಂತ್ರಗಳ ಮೂಲಕ ಹಾದುಹೋಗುವಾಗ ಕೆಲವು ಬದಲಾಗಿಬಿಡುತ್ತಿದ್ದವು. ಎಲ್ಲ ಯಂತ್ರಗಳಲ್ಲಿಯೂ ಬದಲಾಗದೆ ಉಳಿಯುವ ಅಕ್ಷರಗಳನ್ನೇ ಹುಡುಕಿ ಹೊಸ ಪಟ್ಟಿಯನ್ನು ಮಾಡಿದ್ದು ಆ ಕಾರಣದಿಂದ. ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು 1992ರಲ್ಲಿ ಅದನ್ನು ಅಂಚೆಯ ನಿಯಮಗಳೊಳಕ್ಕೆ ತಂದರು. ಆ ವರ್ಷದ ಮಾರ್ಚ್ 11ರಂದು ಬೊರೆನ್‌ಸ್ಟೈನ್ ಅವರು ತಾವೂ ಸೇರಿದ್ದ ನಾಲ್ವರ ಗಾಯನ ತಂಡದ ಚಿತ್ರವನ್ನೂ ಹಾಡನ್ನೂ ಅಂಚೆಗೆ ಲಗತ್ತಿಸಿ ಕಳುಹಿಸಿದರು. ಚಿತ್ರವೂ ಹಾಡೂ ಅಂಚೆಯಲ್ಲಿ ಹೋಗಬೇಕೆಂಬುದು ಅಂದು ಹಲವರಿಗೆ ವಿನೋದದ ಮಾತಾಗಿ ಕಂಡಿರಬೇಕು. ಇಂದು ಎಂಟು ಬಿಟ್‌ಗಳನ್ನೂ ಒಪ್ಪುವ ಅಂಚೆಯ ದಾರಿಗಳು ಇವೆ. ಆದರೂ ಲಗತ್ತಿಸಿದ ಚಿತ್ರಗಳು ಸಾಮಾನ್ಯವಾಗಿ ಈ ಅರವತ್ತನಾಲ್ಕರ ಉಡುಪಿನಲ್ಲಿಯೇ ಸಂಚರಿಸುತ್ತವೆ.

ಇಂತಹ ಬರಹವನ್ನು ಕಂಡವರಿಗೆ ಇದು ಗುಪ್ತ ಲಿಪಿಯೆಂಬ ಭ್ರಮೆ ಉಂಟಾಗುವುದು ಸಹಜ. ಅದು ಸರಿಯಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವನೆಂದು ಪ್ರತೀತಿಯುಳ್ಳ ಅಲ್ಲಮಪ್ರಭುವಿನ ಬೆಡಗಿನ ವಚನಗಳಲ್ಲಿ ಮಾತು ಕಾಣುತ್ತದೆ, ಅರ್ಥ ಮರೆಯಲ್ಲಿರುತ್ತದೆ. ಅದನ್ನು ಬಿಡಿಸಲು ಬಲ್ಲವರ ನೆರವು ಬೇಕು. ಬೇಸ್ 64ರಲ್ಲಿ ಬಿಡಿಸಲು ಬೇಕಾದ ಪಟ್ಟಿ ಎಲ್ಲರಿಗೂ ತೆರೆದಿದೆ. ಕೀಲಿಕೈ ಎಂಬುದೇ ಇಲ್ಲ. ಬ್ಯಾಂಕಿನ ಗುಪ್ತಪದವನ್ನು ಹೀಗೆ ಬರೆದಿಟ್ಟು ಸುರಕ್ಷಿತವೆಂದು ನಂಬಿದರೆ, ಹಣವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ಹೋದಂತಾಗುತ್ತದೆ.

ಇದರಲ್ಲಿ ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ಶಿಲಾಶಾಸನದಲ್ಲಿ ಒಂದಕ್ಷರ ಚಕ್ಕೆಯೆದ್ದು ಹೋದರೆ ಅದರ ಆಚೀಚೆಯ ಅಕ್ಷರಗಳು ತಮ್ಮ ಸ್ಥಾನದಲ್ಲಿಯೇ ಇರುತ್ತವೆ. ಪದ್ಯವಾಗಿದ್ದರೆ ಛಂದಸ್ಸಿನ ನೆರವಿನಿಂದ ಹೋದದ್ದನ್ನು ಊಹಿಸಲೂ ಬರುತ್ತದೆ. ಬೇಸ್ 64ರಲ್ಲಿ ಒಂದಕ್ಷರ ಇನ್ನೊಂದಾಗಿ ಬದಲಾದರೆ ಆ ನಾಲ್ಕರ ಗುಂಪು ಮಾತ್ರ ಕೆಡುತ್ತದೆ. ಆದರೆ ಒಂದಕ್ಷರ ಕಳೆದುಹೋದರೆ ಅಲ್ಲಿಂದ ಮುಂದಿನ ಬಿಟ್‌ಗಳೆಲ್ಲ ಆರು ಸ್ಥಾನ ಸರಿದು, ಕೊನೆಯ ವರೆಗೂ ಅಸಂಬದ್ಧವಾಗುತ್ತದೆ. ಉದ್ದವಾದ ಬರಹವನ್ನು ಕೈಯಿಂದ ನಕಲು ಮಾಡುವಾಗ ಒಂದಕ್ಷರವನ್ನೂ ಬಿಡಬಾರದೆನ್ನುವುದು ಇದಕ್ಕಾಗಿಯೇ.

ಎಲ್ಲ ಸರಕೂ ಮೂರರ ಗುಂಪುಗಳಲ್ಲಿ ಮುಗಿಯುವುದಿಲ್ಲ. ಕೊನೆಯಲ್ಲಿ ಒಂದೇ ಬೈಟ್ ಉಳಿದರೆ ಎರಡು ಅಕ್ಷರಗಳನ್ನು ಬರೆದು ಎರಡು ಸಮ ಚಿಹ್ನೆಗಳನ್ನು ಹಾಕುತ್ತಾರೆ. ಎರಡು ಉಳಿದರೆ ಮೂರು ಅಕ್ಷರಗಳು, ಒಂದು ಸಮ ಚಿಹ್ನೆ. ಬರಿಯ ಕನ್ನಡ ಪದಕ್ಕೆ ಇದರ ಅಗತ್ಯವೇ ಬೀಳದು, ಏಕೆಂದರೆ ಅದರ ಘಟಕಗಳೆಲ್ಲ ಮೂರು ಮೂರು ಬೈಟ್‌ಗಳವು. ಮೇಲೆ ಕಂಡಂತೆ ಪ್ರತಿ ಘಟಕವೂ ‘4, ಎಲ್’ ಎಂದೇ ಮೊದಲಾಗುತ್ತದೆ. ಮೂರನೆಯದು ‘ಕೆ’ ಅಥವಾ ‘ಓ’. ಕನ್ನಡದ 128 ಸ್ಥಾನಗಳ ಕೇರಿಯ ಮೊದಲ ಅರವತ್ತನಾಲ್ಕು ಮನೆಗಳಿಗೆ ‘ಕೆ’, ಉಳಿದ ಅರವತ್ತನಾಲ್ಕಕ್ಕೆ ‘ಓ’. ಯಾವ ಮನೆಯೆಂದು ಹೇಳುವುದು ನಾಲ್ಕನೆಯ ಅಕ್ಷರ.

ಆದರೆ ಪದಗಳ ನಡುವೆ ಒಂದು ತೆರಪು ಬಂದೊಡನೆ ಈ ಓರಣ ಕದಲುತ್ತದೆ. ತೆರಪಿಗೆ ಒಂದೇ ಬೈಟ್. ‘ಶಿಕಾರಿಪುರ ಸೊರಬ’ ಎಂದು ಒಟ್ಟಿಗೆ ಬರೆದರೆ ಶಿಕಾರಿಪುರಕ್ಕೆ 27 ಬೈಟ್‌ಗಳು, ತೆರಪಿಗೆ 1, ಸೊರಬಕ್ಕೆ 12, ಒಟ್ಟು 40. ಮೂರರ ಹದಿಮೂರು ಗುಂಪುಗಳಾಗಿ ಒಂದು ಉಳಿಯುತ್ತದೆ. ಆದಕಾರಣ ಉಡುಪಿನ ಉದ್ದ 56 ಚಿಹ್ನೆಗಳು. ಮೊದಲ ಒಂಬತ್ತು ಗುಂಪುಗಳೂ ‘4, ಎಲ್’ ಎಂದು ತೊಡಗುತ್ತವೆ. ಹತ್ತನೆಯದರಲ್ಲಿ ತೆರಪು ನುಗ್ಗಿ ಅದು ‘ಐ, ಓ, ಸಿ, ಸಣ್ಣ ವೈ’ ಎಂದಾಗುತ್ತದೆ. ಅಲ್ಲಿಂದ ಮುಂದೆ ಸೊರಬದಲ್ಲಿ ‘4, ಎಲ್’ ಎಲ್ಲಿಯೂ ಕಾಣದು. ಗುಂಪುಗಳು ‘ಸಿ, ಸಣ್ಣ ವೈ’ ಅಥವಾ ‘ಸಿ, ಸಣ್ಣ ಝಡ್’ ಎಂದು ಕೊನೆಗಾಣುತ್ತವೆ. ಹದಿನಾಲ್ಕನೆಯ ಗುಂಪಿನಲ್ಲಿ ಬಕಾರದ ಕೊನೆಯ ಬೈಟ್ ಒಂಟಿಯಾಗಿ ಉಳಿದು ‘ಸಣ್ಣ ಆರ್, ದೊಡ್ಡ ಎ’ ಎಂದಾಗಿ, ಅದರ ಹಿಂದೆ ಎರಡು ಸಮ ಚಿಹ್ನೆಗಳು ನಿಲ್ಲುತ್ತವೆ. ಒಂಟಿಯಾಗಿದ್ದಾಗ ಧರಿಸಿದ ಉಡುಪೇ ಬೇರೆ, ಜೊತೆಯಲ್ಲಿ ಹೊರಟಾಗ ಧರಿಸಿದ್ದೇ ಬೇರೆ. ಬಿಡಿಸಿ ನೋಡಿದರೆ ಎರಡರಲ್ಲಿಯೂ ಅದೇ ಸೊರಬ.